ಗ್ಲಿಸರಿನ್ ಇಲ್ಲದೆ, ಡಬ್ಬಿಂಗ್ ಇಲ್ಲದೆ: ಧಾರವಾಡದ ಒಂದೇ ಮನೆಯಲ್ಲಿ ಸಾವಿನ ಮನೆಯ ಸಿನಿಮಾ ತೆಗೆದ ಬಗೆ

ಹಿನ್ನೆಲೆ ಸಂಗೀತ ಇಲ್ಲ, ಯಾರೂ ಎದೆ ಬಡಿದುಕೊಂಡು ಅಳುವುದಿಲ್ಲ, ಅಂಥ ಸಿನಿಮಾದಲ್ಲಿ ಜನ ಹೇಗೆ ಕೂಡುತ್ತಾರೆ ಎಂದು ಕೇಳಿದವರು ಬಹಳ. ನಮ್ಮ ಸಿನಿಮಾಕ್ಕೆ 96 ನಿಮಿಷವೂ ಕೂಡುತ್ತಾರೆ. ಹುಬ್ಬಳ್ಳಿ, ಗದಗ ಎರಡೂ ಕಡೆ ತೋರಿಸಿ ಆಯಿತು, ನಡುವೆ ಎದ್ದುಹೋದವರು ಐದಾರು ಮಂದಿ. ಆದ್ದರಿಂದ ಮಾಡಿದ ರೀತಿಯನ್ನು ಈಗ ಧೈರ್ಯವಾಗಿ ಬರೆಯಬಹುದು. ಕ್ಯಾಮೆರಾ, ರೆಕಾರ್ಡರ್ ಹಿಡಿಯುವುದು ಗೊತ್ತಿರುವವರಿಗೆ ಇದು. ಅದರ ಮೊದಲ ಪಾಠ ಇಲ್ಲಿಲ್ಲ.

ಅಪ್ಪ ತೀರಿಕೊಂಡ ಮನೆ. ಅವ್ವ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಮೊದಲ ನಾಲ್ಕು ನಿಮಿಷ ಅವ್ವ ರೊಟ್ಟಿ ಬಡಿಯುತ್ತಾಳೆ, ಕೈತುಂಬ ಹಸಿರು ಬಳೆ. ಆಮೇಲೆ ಒಲೆ ಹೊತ್ತುವುದಿಲ್ಲ, ಓಣಿಯವರು ಬುತ್ತಿ ತರುತ್ತಾರೆ. ದಿನಗಳು ಕಳೆದು ಒಲೆ ಹೊತ್ತಿದರೂ ರೊಟ್ಟಿ ಹೊರಗಿನಿಂದಲೇ ಬರುತ್ತದೆ. ಸುಮಾರು 75ನೇ ನಿಮಿಷಕ್ಕೆ ಬಡಿಯುವ ಸದ್ದು ಮತ್ತೆ ಕೇಳುತ್ತದೆ, ಬಳೆಯ ಸದ್ದಿಲ್ಲದೆ. ಕಥೆ ಪೂರ್ತಿ ಈ ಸದ್ದಿನ ಮೇಲೆ ನಿಂತಿದೆ. ಸದ್ದು ಕೆಟ್ಟರೆ ಸಿನಿಮಾ ಇಲ್ಲ.

ಮೊದಲ ಸಲ ಕೆಟ್ಟಿತ್ತು. ಫೆಬ್ರುವರಿಯಲ್ಲಿ 9 ದಿನ, ಹೆಚ್ಚುಕಡಿಮೆ ಎಂಟೂವರೆ ಲಕ್ಷ ಹೋಯಿತು. ಅಡುಗೆಮನೆಯ ದೃಶ್ಯಗಳನ್ನೆಲ್ಲ ಒಟ್ಟಿಗೆ, ಪಡಸಾಲೆಯವನ್ನು ಒಟ್ಟಿಗೆ ತೆಗೆದೆವು. ಮಾತನ್ನು ಆಮೇಲೆ ಡಬ್ ಮಾಡುವ ಲೆಕ್ಕ. ಎರಡೂ ತಪ್ಪು. ಕೊನೆಯ ರೊಟ್ಟಿಯ ದೃಶ್ಯ ಎರಡನೇ ದಿನವೇ ಮುಗಿದಿತ್ತು, ಕೈಯಲ್ಲಿ ದಣಿವೇ ಇರಲಿಲ್ಲ. ಡಬ್ಬಿಂಗ್‌ನಲ್ಲಿ ತುಟಿಗೆ ಮಾತು ಕೂತಿತು, ಉಸಿರು ಕೂಡಲಿಲ್ಲ. ದುಃಖದಲ್ಲಿರುವವರ ಮಾತು ಅರ್ಧಕ್ಕೆ ನಿಲ್ಲುವುದು ಉಸಿರು ಸಾಲದೆ. ಮೈಕ್ ಮುಂದೆ ಆರಾಮಾಗಿ ನಿಂತವರ ಉಸಿರು ಬೇರೆ.

ಗ್ಲಿಸರಿನ್ ಹನಿ ಕೆನ್ನೆಯ ಮೇಲೆ ಮಿಂಚುತ್ತದೆ, ಕಣ್ಣು ಮಾತ್ರ ಬೆಳ್ಳಗೇ ಇರುತ್ತದೆ. ಮೆಂಥಾಲ್ ಕಡ್ಡಿ ಕಣ್ಣು ಕೆಂಪಾಗಿಸುತ್ತದೆ, ಆದರೆ ಎರಡು ಮೂರು ನಿಮಿಷ ಅಷ್ಟೇ, ಮೂಗು ಬೇರೆ ಸೋರುತ್ತದೆ. ನಮ್ಮ ಶಾಟ್‌ಗಳು ನಾಲ್ಕು ನಿಮಿಷದವು. ಎರಡನ್ನೂ ಬಿಟ್ಟು ಪ್ರತಿ ದೃಶ್ಯದಲ್ಲಿ ಕೈಗೊಂದು ಕೆಲಸ ಕೊಟ್ಟೆವು: ಅಕ್ಕಿ ಆರಿಸುವುದು, ಹಾಸಿಗೆ ಮಡಚುವುದು, ಕಂದೀಲಿನ ಗಾಜು ಒರೆಸುವುದು. ಕೆಲಸ ನಡುವೆ ನಿಂತಲ್ಲಿ ಕತ್ತರಿಸಬಾರದು, ಮತ್ತೆ ಶುರುವಾಗಿ ಐದಾರು ಸೆಕೆಂಡ್ ಆದಮೇಲೆ ಕತ್ತರಿಸಬೇಕು. ಹತ್ತು ದಿನದ ತಾಲೀಮು ಪೂರ್ತಿ ಈ ಕೆಲಸಗಳದ್ದೇ, ಮಾತಿನ ತಾಲೀಮು ಕಡಿಮೆ.

ಎರಡನೇ ಸಲ ಕಥೆಯ ಕ್ರಮದಲ್ಲೇ ತೆಗೆದೆವು. 14 ದಿನದಲ್ಲಿ ಆಗುವುದು 19 ದಿನ ಹಿಡಿಯಿತು. ದಿನಕ್ಕೆ ಸುಮಾರು 45 ಸಾವಿರದಂತೆ ಎರಡೂಕಾಲು ಲಕ್ಷ ಹೆಚ್ಚಾಯಿತು, ಆದರೆ ಆ ದುಡ್ಡು ಪರದೆ ಮೇಲೆ ಕಾಣುತ್ತದೆ. ಮನೆ ಬಾಡಿಗೆ ದಿನಕ್ಕೆ 2,500. ಹದಿನಾಲ್ಕು ಮಂದಿಗೆ ಎರಡು ಹೊತ್ತು ಖಾನಾವಳಿ ಊಟ, ತಾಟಿಗೆ 110 ರೂಪಾಯಿ. ಕಿಟ್ ಸಮೇತ ಸೌಂಡ್ ರೆಕಾರ್ಡಿಸ್ಟ್‌ಗೆ ದಿನಕ್ಕೆ 9,000. ಇಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಈಗ ಸದ್ದು. ಸೂರು ತಗಡಿನದಾದರೆ ಧಾರವಾಡದ ಜಿಟಿಜಿಟಿ ಮಳೆ ಒಂದು ಮಾತನ್ನೂ ಉಳಿಸುವುದಿಲ್ಲ. ಹಿತ್ತಲಿನ ತಗಡಿನ ಮೇಲೆ ಎರಡು ಪದರ ಗೋಣಿಚೀಲ ಹಾಸಿ ಇಟ್ಟಿಗೆ ಹೇರಿದೆವು, ನೆನೆದ ಚೀಲ ಇನ್ನೂ ಒಳ್ಳೆಯದು. ಒಳಗೆ ಗೋಡೆಗೆ ಕೌದಿ. ಓಣಿಯಿಂದ ಎರವಲು ತಂದ ಹದಿನಾಲ್ಕು ಕೌದಿಗಳನ್ನು ಗೋಡೆಗೆ ಅಂಟಿಸದೆ, ನಾಲ್ಕು ಬೆರಳು ಬಿಟ್ಟು ಹಗ್ಗಕ್ಕೆ ಇಳಿಬಿಟ್ಟೆವು. ಅಂಟಿಸಿದರೆ ದನಿಯ ಕೆಳಸ್ತರದ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ಬಾಡಿಗೆಗೆ ಸಿಗುವ ಸೌಂಡ್ ಬ್ಲಾಂಕೆಟ್‌ಗಿಂತ ಕೌದಿ ಕಮ್ಮಿಯಿಲ್ಲ, ಹಳೇ ಸೀರೆ ಪದರ ಪದರವಾಗಿ ಹೊಲಿದದ್ದು ತಾನೇ. ಸದ್ದು ಮಾಡುವ ಫ್ರಿಜ್ ಆಫ್ ಮಾಡಿದಾಗ ಗಾಡಿಯ ಕೀಲಿ ಅದರೊಳಗೇ ಇಡಬೇಕು, ಮನೆಗೆ ಹೊರಡುವವರು ತೆಗೆಯಲು ಹೋದಾಗ ಸ್ವಿಚ್ ನೆನಪಾಗುತ್ತದೆ. ಕರೆಂಟ್ ಹೋದರೆ ಅಗ್ಗದ ಇನ್ವರ್ಟರ್ ಹಾಕಬೇಡಿ, ಅದರ ಗುಂಯ್ ಕಾಲರ್ ಮೈಕ್‌ಗೂ ಏರುತ್ತದೆ. ಬ್ಯಾಟರಿ ಮೇಲೇ ಓಡಿಸಿ. ನಮ್ಮ ಓಣಿಯಲ್ಲಿ ಹತ್ತೂವರೆಯಿಂದ ನಾಲ್ಕರವರೆಗೆ ಸದ್ದು ಕಡಿಮೆ, ಮಾತಿನ ದೃಶ್ಯಗಳೆಲ್ಲ ಅಷ್ಟರೊಳಗೆ. ಪ್ರತಿ ಕೋಣೆಯ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಸದ್ದು, ಒಂದು ನಿಮಿಷ, ಮಳೆ ಇದ್ದಾಗ ಬೇರೆ, ಇಲ್ಲದಾಗ ಬೇರೆ. ರೆಕಾರ್ಡಿಂಗ್ ಎಲ್ಲ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ.

ಕಾಲರ್ ಮೈಕ್‌ಗೆ ತಲೆಯ ಮೇಲಿನ ಸೆರಗೇ ಶತ್ರು. ಹೊಸ ಇಳಕಲ್ ಸೀರೆ ಸರಸರ ಎನ್ನುತ್ತದೆ. ಏಳೆಂಟು ಸಲ ಒಗೆದ ಸೀರೆ ತರಿಸಿ, ಮೈಕನ್ನು ಕುಪ್ಪಸದ ಒಳಗಡೆ ಮೆತ್ತನೆ ಟೇಪಿನಿಂದ ಕೂರಿಸಿದರೆ ಅರ್ಧ ತೊಂದರೆ ಹೋಗುತ್ತದೆ. ಉಳಿದರ್ಧವನ್ನು ಬೂಮ್, ಅಂದರೆ ಕೋಲಿಗೆ ಕಟ್ಟಿ ಹಿಡಿಯುವ ಮೈಕ್, ನೋಡಿಕೊಳ್ಳಬೇಕು.

ರೊಟ್ಟಿ. ಹಿಟ್ಟು ಹೊಸದಾಗಿ ಬೀಸಿದ್ದೇ ಆಗಬೇಕು. ಹಳೇ ಜೋಳದ ಹಿಟ್ಟಿಗೆ ಜಿಗುಟು ಇರುವುದಿಲ್ಲ, ಅಂಚು ಒಡೆಯುತ್ತದೆ, ಬಡಿತದ ಲಯ ತಪ್ಪುತ್ತದೆ. ಎಸರು ಕುದಿದಿರಬೇಕು. ಕಿಲೋ ಹಿಟ್ಟಿಗೆ ಹದಿನೈದರ ಮೇಲೆ ರೊಟ್ಟಿ, ಟೇಕಿಗೆ ಎರಡು, ಹಾಗಾಗಿ ಎರಡು ಕಿಲೋ ಇಟ್ಟುಕೊಂಡರೆ ಹದಿನೈದು ಟೇಕ್ ಧೈರ್ಯವಾಗಿ ಮಾಡಬಹುದು. ಗ್ಯಾಸ್ ಒಲೆ ಬುಸ್ ಎನ್ನುತ್ತದೆ, ಕಟ್ಟಿಗೆ ಚಟಪಟ ಎನ್ನುತ್ತದೆ. ನಾವು ಕಟ್ಟಿಗೆಯನ್ನೇ ಆಯ್ದುಕೊಂಡು, ಬಡಿಯುವಾಗ ಉರಿ ಹಿಂದಕ್ಕೆಳೆದು ಕೆಂಡ ಮಾತ್ರ ಉಳಿಸಿದೆವು. ಬಳೆಯ ಸದ್ದನ್ನು ಬೇರೆಯಾಗಿ ಐದು ನಿಮಿಷ ರೆಕಾರ್ಡ್ ಮಾಡಿ, ಆರಂಭದ ದೃಶ್ಯಕ್ಕೆ ಬೇಕಾದಷ್ಟು ಸೇರಿಸಿದೆವು. ಕೊನೆಯ ರೊಟ್ಟಿಯ ದೃಶ್ಯದಲ್ಲಿ ಪಕ್ಕದಲ್ಲಿ ಕೂತ ಸೊಸೆ ತನ್ನ ಬಳೆ ಸದ್ದಾಗಬಾರದೆಂದು ಮೊಣಕೈವರೆಗೆ ಏರಿಸಿಕೊಳ್ಳುತ್ತಾಳೆ. ಇದು ಚಿತ್ರಕಥೆಯಲ್ಲಿ ಇರಲಿಲ್ಲ, ಸದ್ದಿನ ತೊಂದರೆ ತಪ್ಪಿಸಲು ಸೆಟ್‌ನಲ್ಲಿ ಮಾಡಿದ್ದು. ಇಡೀ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಬಡಿತಕ್ಕೆ ಮೂರು ಮೈಕ್ ಇದ್ದವು. ಒಂದು ಬೂಮ್, ಒಂದು ಪರಾತದ ಅಡಿ. ಮೂರನೆಯದು ಎಲ್ಲಿತ್ತು ಎನ್ನುವುದು ನಮ್ಮ ಬಳಿಯೇ ಇರಲಿ.

ನಾಟಕದವರನ್ನು ತೆಗೆದುಕೊಂಡರೆ ಮಾತು ಕೊನೆಯ ಸಾಲಿಗೆ ಮುಟ್ಟುವಂತೆ ಬರುತ್ತದೆ. "ಸಣ್ಣಗೆ ಮಾತಾಡ್ರಿ" ಎಂದರೆ ಪಿಸುಗುಡುತ್ತಾರೆ, ಅದೂ ನಾಟಕವೇ. ತಾಲೀಮಿನಲ್ಲಿ ಅವರ ಕಿವಿಗೇ ಹೆಡ್‌ಫೋನ್ ಹಾಕಿ ಬೂಮಿನ ದನಿ ಕೇಳಿಸಿದೆವು. ಎರಡು ದಿನದಲ್ಲಿ ತಾವೇ ಇಳಿದರು.

ಒಂದು ಮಾತನ್ನು ಕಲಾವಿದೆಯರೇ ತಿದ್ದಿದರು. ಮಾತಾಡಿಸಲು ಬಂದ ನೆರೆಯಾಕೆ ಎದ್ದು "ಬರ್ತೀನ್ರೀ ಅಕ್ಕಾ" ಅನ್ನುತ್ತಾಳೆ ಎಂದು ಬರೆದಿತ್ತು. ಸಾವಿನ ಮನೆಯಿಂದ ಹೊರಡುವಾಗ ಹಾಗೆ ಅನ್ನುವುದಿಲ್ಲ. ಮಾತು ಹೊಡೆದುಹಾಕಿ, ಬಾಗಿಲಾಚೆ ಚಪ್ಪಲಿ ಹುಡುಕುವ ಸದ್ದು ಇಟ್ಟೆವು. ಆ ದೃಶ್ಯ ಮೂರು ಪಟ್ಟು ಭಾರವಾಯಿತು.

ಬೆಳಕು. ಮಾಳಿಗೆ ಮನೆಯ ಬೆಳಕಿಂಡಿ ನೋಡಲು ಚೆಂದ, ಕಂಟಿನ್ಯುಟಿಗೆ, ಅಂದರೆ ಶಾಟ್‌ಗೆ ಶಾಟ್ ಹೊಂದುವುದಕ್ಕೆ, ಕಂಟಕ. ಹತ್ತು ಅಡಿ ಮೇಲಿನಿಂದ ಬಿದ್ದ ಬಿಸಿಲಿನ ಚೌಕ ಗಂಟೆಗೆ ಎರಡೂವರೆ ಅಡಿಗೂ ಮಿಕ್ಕಿ ಸರಿಯುತ್ತದೆ. ಫೆಬ್ರುವರಿಯ ಶಾಟ್‌ಗಳು ಒಂದಕ್ಕೊಂದು ಕೂಡದ್ದಕ್ಕೆ ಅದೂ ಕಾರಣ. ಎರಡನೇ ಸಲ ಬೇಕೆಂದೇ ಜುಲೈ ಆರಿಸಿದೆವು. ಮೋಡದ ಬೆಳಕು ದಿನವಿಡೀ ಒಂದೇ. ಬೆಳಕಿಂಡಿಯ ಗಾಜಿನ ಮೇಲೆ ಎರಡು ಪದರ ಬಟರ್ ಪೇಪರ್, ಅದರ ಮೇಲೆ ಬಿದಿರಿನ ಚೌಕಟ್ಟಿಗೆ ಕಟ್ಟಿದ 200 ವ್ಯಾಟಿನ ಎಲ್‌ಇಡಿ, ಮಳೆಗೆ ತಾಡಪತ್ರಿ. ಸೆಕೆಂಡಿಗೆ 24 ಫ್ರೇಮ್ ಇಟ್ಟು, ಪ್ರತಿ ಫ್ರೇಮಿಗೆ ಬೆಳಕು ಬಿಡುವ ಶಟರ್ 180 ಡಿಗ್ರಿ ಬಿಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಮಿಣುಕುವ ಭಯ. 172.8 ಡಿಗ್ರಿಗೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಇಡಿ.

ಮಗು ಇದ್ದರೆ ಜಿಲ್ಲಾಧಿಕಾರಿಯ ಅನುಮತಿ ಮೊದಲು. 2017ರ ನಿಯಮದಂತೆ ದಿನಕ್ಕೆ ಐದು ಗಂಟೆಯ ಮೇಲೆ ಕೆಲಸವಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆಯ ಮೇಲಿಲ್ಲ, ಸಂಭಾವನೆಯಲ್ಲಿ ಕನಿಷ್ಠ ಶೇಕಡಾ 20 ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಅಪ್ಪನ ಎತ್ತು ಗ್ವಾದಲಿಯಲ್ಲಿ ನಿಲ್ಲುವ ದೃಶ್ಯ ಬರೆದಿದ್ದೆವು. ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಬೇಕು, ನಾವು ತಡ ಮಾಡಿದ್ದೆವು. ಎತ್ತು ಬಿಟ್ಟು ಖಾಲಿ ಗ್ವಾದಲಿ, ಗೂಟಕ್ಕೆ ಬಿಚ್ಚಿಟ್ಟ ಹಗ್ಗ ತೋರಿಸಿದೆವು. ಅದೇ ಮೇಲಾಯಿತು. ಮಗ ಬೀಡಿ ಸೇದುವ ಒಂದು ಶಾಟ್ ಇತ್ತು. ಅದಕ್ಕಾಗಿ ಆರಂಭದಲ್ಲೂ ನಡುವೆಯೂ 30 ಸೆಕೆಂಡಿನ ಎಚ್ಚರಿಕೆ ಚಿತ್ರ ಹಾಕಬೇಕು, ಮೌನ ಒಡೆದುಹೋಗುತ್ತದೆ. ಬೀಡಿ ಹೋಯಿತು.

ಸಂಗೀತದ ಪ್ರಯೋಗವೂ ಆಯಿತು. ಸಾರಂಗಿ, ಹಾರ್ಮೋನಿಯಂ ಕೂಡಿಸಿ 1 ಲಕ್ಷ 80 ಸಾವಿರ ಖರ್ಚು. ಆರು ಮಂದಿಗೆ ಸಂಗೀತದ ಪ್ರತಿ, ಆರು ಮಂದಿಗೆ ಇಲ್ಲದ ಪ್ರತಿ ತೋರಿಸಿದೆವು. ಸಂಗೀತ ಕೇಳಿದವರು ಅವ್ವನ ಬಗ್ಗೆ ಮಾತಾಡಿದರು. ಕೇಳದವರು ತಮ್ಮ ಮನೆಯ ಬಗ್ಗೆ ಮಾತಾಡಿದರು. ಅಲ್ಲಿಗೆ ತೀರ್ಮಾನವಾಯಿತು. ಅಪ್ಪನ ಧೋತರ ಹರಿದು ಕೌದಿ ಹೊಲಿಯುವ ಹನ್ನೊಂದು ನಿಮಿಷವನ್ನೂ ತೆಗೆದೆವು. ಚೆಂದವಿತ್ತು, ಆದರೆ ರೊಟ್ಟಿ ಹೇಳಬೇಕಾದದ್ದನ್ನು ಅದು ಮೊದಲೇ ಹೇಳಿಬಿಡುತ್ತಿತ್ತು.

ಕೊನೆಯ ಪೆಟ್ಟು ಮಿಕ್ಸ್‌ನದು, ಅಂದರೆ ಸದ್ದುಗಳನ್ನೆಲ್ಲ ಕೂಡಿಸಿ ಹದ ಮಾಡುವುದು. ಸ್ಟುಡಿಯೋದಲ್ಲಿ ಸದ್ದು ಏರಿಳಿಸುವ ಫೇಡರ್ 7ರಲ್ಲಿಟ್ಟು ಮಿಕ್ಸ್ ಮಾಡಿದ್ದು. ಮೊದಲ ಪ್ರದರ್ಶನದ ಹಾಲ್‌ನಲ್ಲಿ 5ಕ್ಕೆ ಇಟ್ಟಿದ್ದರು, ಮಾತು ಕೇಳಿತು, ರೂಮ್ ಟೋನ್ ಸತ್ತುಹೋಯಿತು, ದೂರದ ರೊಟ್ಟಿ ಬಡಿತ ಇಲ್ಲವೇ ಇಲ್ಲ. ಮತ್ತೆ 40 ಸಾವಿರ ಖರ್ಚು ಮಾಡಿ, ಸಣ್ಣ ಸದ್ದುಗಳನ್ನಷ್ಟೇ ಸುಮಾರು 4 ಡೆಸಿಬೆಲ್ ಏರಿಸಿ ಎರಡನೇ ಡಿಸಿಪಿ, ಅಂದರೆ ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ, ಮಾಡಿಸಿದೆವು. ಈಗ ಎರಡನ್ನೂ ಒಯ್ಯುತ್ತೇವೆ. ಆಟಕ್ಕೆ ಒಂದು ತಾಸು ಮೊದಲು 75ನೇ ನಿಮಿಷದಿಂದ ಹಾಕಿಸಿ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇವೆ. ಬಡಿತ ಅಲ್ಲಿಗೆ ಮುಟ್ಟಿದರೆ ಮೊದಲನೆಯದು, ಮುಟ್ಟದಿದ್ದರೆ ಎರಡನೆಯದು.