ಟಾರ್ಪಾಲ್ ತೆಗೆದ ಮೇಲೆ ಕಯಾಕ್ ಉಳಿಯಿತು

ಮರದ ಕಯಾಕಿಗೆ, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿಗೆ, ಏನೂ ಹೊದಿಸದೆ ಇಡುತ್ತೇನೆ ಅಂದಾಗ ಜೊತೆಯವರು ಒಬ್ಬರೂ ಒಪ್ಪಲಿಲ್ಲ. ಮೂರು ಮಳೆಗಾಲ ಕಳೆದಿದೆ, ಪ್ಲೈ ಎಲ್ಲೂ ಕಪ್ಪಾಗಿಲ್ಲ.

ದೋಣಿ 16 ಅಡಿ ಉದ್ದ, 4 ಮಿ.ಮೀ. ಮರೈನ್ ಪ್ಲೈ (ದೋಣಿಗೆ ಬಳಸುವ ಪ್ಲೈವುಡ್), ಒಳಗೂ ಹೊರಗೂ ಎಪಾಕ್ಸಿ (ಬಳಿದ ಮೇಲೆ ಗಟ್ಟಿಯಾಗುವ ಅಂಟು). ಇರುವುದು ತುಮಕೂರಿನಲ್ಲಿ, ಜಿಂಕ್ ಶೀಟಿನ ಶೆಡ್ಡಿನಲ್ಲಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೊದಲು ಟಾರ್ಪಾಲ್ ಹೊದಿಸಿಟ್ಟಿದ್ದಾಗ ದೋಣಿ ಕೆಟ್ಟಿದ್ದು ಮಾತ್ರ ಮಳೆ ನಿಂತ ಮೇಲೆ, ಚಳಿಯಲ್ಲಿ. ಹಗಲು ಕಾದಾಗ ನೆಲದ ತೇವ, ಮರದ ತೇವ ಎರಡೂ ಟಾರ್ಪಾಲಿನೊಳಗಿನ ಗಾಳಿಗೆ ಸೇರುತ್ತವೆ; ರಾತ್ರಿ ತಣ್ಣಗಾದರೆ ಅದೇ ನೀರಾಗಿ ದೋಣಿಯ ಮೇಲೆ ಇಳಿಯುತ್ತದೆ. ಸುಮಾರು 1,800 ರೂಪಾಯಿಯ ದಪ್ಪ ಟಾರ್ಪಾಲನ್ನು ಜನವರಿಯಲ್ಲಿ ತೆಗೆದಾಗ ಕಾಕ್‌ಪಿಟ್ (ಕೂರುವ ಜಾಗ) ಅಂಚಿನಲ್ಲಿ ಅಂಗೈಯಗಲ ಪ್ಲೈ ಪದರ ಬಿಟ್ಟಿತ್ತು. ರಿಪೇರಿಗೆ ಆರು ಸಾವಿರದ ಮೇಲೆ ಹೋಯಿತು.

ನೀರು ಹೊಕ್ಕಿದ್ದು ಹಲಗೆಯ ಮುಖದಿಂದಲ್ಲ, ಕೊಯ್ದ ಅಂಚಿನಿಂದ ಮತ್ತು ಸ್ಕ್ರೂ ತೂತುಗಳಿಂದ. ಈಗ ಪ್ರತಿ ತೂತನ್ನೂ ಎರಡರಷ್ಟು ಅಗಲಕ್ಕೆ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಹಾಕುತ್ತೇನೆ. ಸ್ಕ್ರೂ ಮರಕ್ಕೆ ತಗಲುವುದೇ ಇಲ್ಲ. ಅಂಚಿಗೆ ಮೂರು ಕೋಟ್, ಅದೂ ಬಿಸಿಲಿಳಿದ ಮೇಲೆ, ಹಲಗೆ ಇನ್ನೂ ಬೆಚ್ಚಗಿರುವಾಗ. ತಣ್ಣಗಾಗುತ್ತಾ ಮರ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ಬೆಳಿಗ್ಗೆ ಬಳಿದರೆ ಮರದೊಳಗಿನ ಗಾಳಿ ಉಬ್ಬಿ ಗುಳ್ಳೆ ಏಳುತ್ತದೆ, ಪ್ರತಿ ಗುಳ್ಳೆಯೂ ಮುಂದೆ ಒಂದು ತೂತು. 

ಗೀರುಗಳಿಗೆ ಹೊಂಗೆ ಎಣ್ಣೆಯನ್ನೂ ಹಚ್ಚಿ ನೋಡಿದೆ. ಬಾಗಿಲು, ತೊಲೆಗೆ ಚೆನ್ನ, ಇಲ್ಲಿ ಬೇಡ. ಎಣ್ಣೆ ಕುಡಿದ ಮರಕ್ಕೆ ಮುಂದೆ ಎಪಾಕ್ಸಿ ಹಿಡಿಯದೆ ಸಿಪ್ಪೆಯಂತೆ ಎದ್ದು ಬಂತು. ಟಾರ್ಪಾಲಿನೊಳಗೆ ಬಕೆಟ್ಟಿನಲ್ಲಿ ಐದು ಕೆ.ಜಿ. ಸುಟ್ಟ ಸುಣ್ಣದ ಕಲ್ಲನ್ನೂ ಇಟ್ಟಿದ್ದೆ. ತೇವ ಎಳೆಯುವುದು ನಿಜ, ಆದರೆ ಕೆಲವೇ ದಿನಕ್ಕೆ ಉಬ್ಬಿ ಪುಡಿಯಾಯಿತು. ಮೇಲೆ ನೀರು ಬಿದ್ದರೆ ಕುದಿಯುವಷ್ಟು ಕಾಯುವ ವಸ್ತು ಅದು, ಮರದ ಪಕ್ಕ ಇಡುವಂಥದ್ದಲ್ಲ.

ಈಗ ಇಡುವ ರೀತಿ ಇಷ್ಟೆ. ಸ್ಪಂಜಿನಲ್ಲಿ ಒರೆಸಿ, ಹ್ಯಾಚ್ (ದೋಣಿಯ ಮೇಲ್ಭಾಗದ ಮುಚ್ಚಳವಿರುವ ಕಿಂಡಿ) ತೆರೆದು ಎರಡು ದಿನ ನೆರಳಲ್ಲಿ ಆರಿಸುವುದು. ಆಮೇಲೆ ಬೋರಲು ಹಾಕಿ, ನೆಲದಿಂದ ಮೂರಡಿ ಮೇಲೆ, ಮೂರಿಂಚು ಅಗಲದ ಎರಡು ಪಟ್ಟಿಗಳಲ್ಲಿ ತೂಗುಹಾಕುವುದು. ಪಟ್ಟಿ ಬರಬೇಕಾದ್ದು ಬಲ್ಕ್‌ಹೆಡ್ (ದೋಣಿಯೊಳಗಿನ ಅಡ್ಡಗೋಡೆ) ಇರುವ ಕಡೆ, ನನ್ನದರಲ್ಲಿ ಎರಡೂ ತುದಿಯಿಂದ ಸುಮಾರು ನಾಲ್ಕಡಿ. ಹಗ್ಗ ಹಾಕಿದರೆ ಹಲಗೆಗೆ ಗೆರೆ ಬೀಳುತ್ತದೆ. ಹ್ಯಾಚ್ ಮುಚ್ಚಳಗಳ ಜಾಗದಲ್ಲಿ ಕಬ್ಬಿಣದ ಜಾಲರಿ; ನೈಲಾನ್ ಪರದೆಯನ್ನು ಇಲಿ ಒಂದೇ ವಾರದಲ್ಲಿ ಕಡಿದಿತ್ತು. ಚಳಿಗಾಲದ ಬೆಳಗಿನ ಜಾವ ಜಿಂಕ್ ಶೀಟ್ ಬೆವರಿ ಹನಿ ಬೀಳುತ್ತದೆ. ಅದಕ್ಕೆ ದೋಣಿಗಿಂತ ಒಂದು ಗೇಣು ಮೇಲೆ ಥರ್ಮಾಕೋಲ್ ಹಲಗೆಯನ್ನು ಓರೆಯಾಗಿ ಕಟ್ಟಿದ್ದೇನೆ. ಎಲ್ಲಾ ಸೇರಿ 900 ರೂಪಾಯಿ ದಾಟಿಲ್ಲ.

ತೇವ ಹೊಕ್ಕಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಡ, ನೇತುಹಾಕುವ ತಕ್ಕಡಿ ಸಾಕು. ಒಣಗಿದ್ದಾಗ ನನ್ನ ದೋಣಿ 19 ಕೆ.ಜಿ. ಚಿಲ್ಲರೆ. ಟಾರ್ಪಾಲಿನ ವರ್ಷ ಒಂದು ಕೆ.ಜಿ.ಗೂ ಜಾಸ್ತಿ ಏರಿತ್ತು, ಈಗ ಇನ್ನೂರು ಗ್ರಾಂ ಒಳಗೇ ಇದೆ. ಅರ್ಧ ಕೆ.ಜಿ. ದಾಟಿದರೆ ಮೊದಲು ಹ್ಯಾಚ್ ಸ್ಕ್ರೂಗಳನ್ನೇ ಬಿಚ್ಚಿ ನೋಡಿ.