ಚೆಕ್ ಭಾಷೆಯಲ್ಲಿ ಹವೆ ಹೇಳೋಕೆ ಕನ್ನಡದ ದಾರಿ

ಚೆಕ್ ಕಲಿಯುತ್ತಿರುವವರು ಹವೆಯ ಮಾತುಗಳನ್ನು ಇಂಗ್ಲಿಷ್‌ನಿಂದ ಬೇಡ, ಕನ್ನಡದಿಂದಲೇ ಜೋಡಿಸಿ. 'ಯೆ' ಅಂದರೆ 'ಇದೆ'. ಅದರ ನಂತರ ಒಂದು ಪದ ಇಟ್ಟರೆ ಸಾಕು: 'ಯೆ ಜ಼ಿಮಾ' ಚಳಿ ಇದೆ, 'ಯೆ ತೆಪ್ಲೊ' ಬೆಚ್ಚಗಿದೆ, 'ಯೆ ಹೊರ್ಕೊ' ಸೆಕೆ ಇದೆ. ನಮ್ಮಂತೆ ಅವರಿಗೂ ಇಂಗ್ಲಿಷ್‌ನ 'ಇಟ್' ಬೇಕಿಲ್ಲ, ಅದಕ್ಕೇ ಇದು ಸಲೀಸು. ಇನ್ನೂ ಚಂದದ್ದು ಅಂದ್ರೆ 'ಯೆ ಮಿ ಜ಼ಿಮಾ'. ಇಲ್ಲಿ 'ಮಿ' ಅಂದರೆ 'ನನಗೆ', ಥೇಟ್ ನಮ್ಮ 'ನನಗೆ ಚಳಿ' ಇದ್ದ ಹಾಗೆ! ಪ್ರಾಗ್‌ನ ಟ್ರಾಮ್ ಸ್ಟಾಪ್‌ನಲ್ಲಿ ಜನವರಿ ತಿಂಗಳು ನಿಂತರೆ ಇದು ತಾನಾಗೇ ಬಾಯಿಗೆ ಬರುತ್ತದೆ. 'ಯೆ' ಬದಲು 'ಬುದೆ' ಹಾಕಿದರೆ ನಾಳೆಯ ಮಾತು: 'ಬುದೆ ತೆಪ್ಲೊ'. ಆದರೆ ಮಳೆ, ಹಿಮ, ಗಾಳಿಗೆ ಸಾಮಾನ್ಯವಾಗಿ ಬೇರೆ ದಾರಿ. ಅವಕ್ಕೆ ಒಂದೊಂದು ಕ್ರಿಯಾಪದವೇ ಸಾಕು: 'ಪ್ರ್ಶೀ' ಮಳೆ ಬರ್ತಿದೆ, 'ಸ್ನ್ಯೆಝೀ' ಹಿಮ ಬೀಳ್ತಿದೆ, 'ಫೊಉಕಾ' ಗಾಳಿ ಬೀಸ್ತಿದೆ. ಈ ಕ್ರಿಯಾಪದಗಳ ಜೊತೆ 'ಯೆ' ಸೇರಿಸಬೇಡಿ.