ಕೊಡಗಿನ ಗಾಳಿಯನ್ನು ಉಪಗ್ರಹದಿಂದ ಅಳೆಯುವುದು ಹೇಗೆ?

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟ್‌ನ ನಕ್ಷೆ ತಂದು ತೋರಿಸಿದಳು. ಜುಲೈ ತಿಂಗಳ ಕೊಡಗು. ಭಾಗಮಂಡಲದಿಂದ ಕುಶಾಲನಗರದವರೆಗೆ ಅಚ್ಚ ನೀಲಿ. "ಸರ್, ಮಳೆಗಾಲದಲ್ಲಿ ನೈಟ್ರೋಜನ್ ಡೈಆಕ್ಸೈಡ್ ಸೊನ್ನೆ!" ಅಂದಳು. ನಿಜವಾಗಿ ಅಲ್ಲಿ ಅಳತೆಯೇ ಇರಲಿಲ್ಲ. ಮೋಡ ಮುಚ್ಚಿದ ದಿನಗಳನ್ನೆಲ್ಲ ಅವಳ ಪ್ರೋಗ್ರಾಂ 0 ಎಂದು ತುಂಬಿತ್ತು. ಆಮೇಲೂ ಹಲವರು ಇದೇ ತಪ್ಪು ಮಾಡಿದ್ದನ್ನು ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅನಿಲ ಆರಿಸಿ. ನೈಟ್ರೋಜನ್ ಡೈಆಕ್ಸೈಡ್‌ನಿಂದಲೇ ಶುರು ಮಾಡಿ. ವಾಹನ, ಜನರೇಟರ್, ಕಾಡಿನ ಬೆಂಕಿಯಿಂದ ಬರುವ ಇದು ಹಗಲಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಹಾಗಾಗಿ ಹುಟ್ಟಿದ ಜಾಗದ ಹತ್ತಿರವೇ ಕಾಣುತ್ತದೆ. ಗದ್ದೆಯ ಮೀಥೇನ್ ಆಸೆ ಸದ್ಯಕ್ಕೆ ಬೇಡ. ಅದಕ್ಕೆ ತಿಳಿ ಆಕಾಶ ಬೇಕು. ನಮ್ಮಲ್ಲಿ ಗದ್ದೆ ತುಂಬ ನೀರಿರುವಾಗಲೇ ಮೋಡವೂ ಜಾಸ್ತಿ.

ದತ್ತಾಂಶ ಇಳಿಸಿಕೊಳ್ಳಿ. 2017ರ ಅಕ್ಟೋಬರ್‌ನಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದಲ್ಲಿ ಟ್ರೋಪೋಮಿ ಎಂಬ ಉಪಕರಣವಿದೆ. ನೆಲದಿಂದ ಮರಳುವ ಬಿಸಿಲಿನಲ್ಲಿ ಯಾವ ಬಣ್ಣ ಎಷ್ಟು ಕಮ್ಮಿಯಾಗಿದೆ ಎಂದು ನೋಡಿ ಅನಿಲದ ಲೆಕ್ಕ ಕೊಡುತ್ತದೆ. ನಮ್ಮ ಮೇಲೆ ಹಾಯುವುದು ಮಧ್ಯಾಹ್ನ 1.30ರ ಸುಮಾರಿಗೆ. ಉಪಗ್ರಹಗಳ ದತ್ತಾಂಶ ಇಟ್ಟಿರುವ ಗೂಗಲ್ ಅರ್ಥ್ ಎಂಜಿನ್ ಎಂಬ ಜಾಲತಾಣದಲ್ಲಿ ಜಿಲ್ಲೆಯ ಗಡಿ ಹಾಕಿದರೆ ಸಾಕು, ಸಿಗುತ್ತದೆ. ಅಲ್ಲಿ ಚೌಕಗಳು ಸುಮಾರು 1 ಕಿ.ಮೀ. ಇದ್ದಂತೆ ಕಾಣುತ್ತವೆ. ಮೋಸ ಹೋಗಬೇಡಿ. ಅಸಲಿ ಅಳತೆ 5.5 x 3.5 ಕಿ.ಮೀ. 4,102 ಚದರ ಕಿ.ಮೀ. ಕೊಡಗಿಗೆ ಬರುವುದು 213ರಷ್ಟು ಚೌಕ ಮಾತ್ರ. ನಿಮ್ಮ ತೋಟದ ಜನರೇಟರ್ ಹೊಗೆ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಮೋಡ ಸೋಸಿ. ಪ್ರತಿ ಅಳತೆಗೂ 0ಯಿಂದ 1ರವರೆಗೆ ಗುಣಮಟ್ಟದ ಅಂಕ ಇರುತ್ತದೆ. 0.75ಕ್ಕಿಂತ ಕಮ್ಮಿ ಇದ್ದದ್ದನ್ನು ಬಿಡಿ. ಅರ್ಥ್ ಎಂಜಿನ್‌ನಲ್ಲಿ ಇದು ಮೊದಲೇ ಆಗಿರುತ್ತದೆ, ಮೂಲ ಕಡತ ಇಳಿಸಿಕೊಂಡವರು ತಾವೇ ಮಾಡಬೇಕು. ಖಾಲಿ ಜಾಗ ಖಾಲಿಯಾಗಿಯೇ ಇರಲಿ. ಒಂದು ಚೌಕಕ್ಕೆ ತಿಂಗಳಲ್ಲಿ 5 ಒಳ್ಳೆಯ ದಿನವೂ ಸಿಗದಿದ್ದರೆ ನಾನು ಅದಕ್ಕೆ ಬಣ್ಣ ಹಚ್ಚುವುದಿಲ್ಲ.

ಯಂತ್ರಕ್ಕೆ, ಅಂದರೆ ಕಂಪ್ಯೂಟರ್‌ಗೆ, ಕಲಿಸಿ. ಎಲ್ಲರೂ ಎಡವುವುದು ಇಲ್ಲೇ. ಉಪಗ್ರಹಕ್ಕೆ ಕಾಣುವುದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಂಬ. ನಮಗೆ ಬೇಕಿರುವುದು ಮೂಗಿನ ಮಟ್ಟದ ಲೆಕ್ಕ. ಆದ್ದರಿಂದ ಉಪಗ್ರಹದ ಅಂಕಿ, ಉಷ್ಣಾಂಶ, ಗಾಳಿಯ ವೇಗ, ಜಾಗದ ಎತ್ತರ ಇಷ್ಟನ್ನೂ ಕೊಟ್ಟು, ನೆಲದ ಮಾಪನ ಕೇಂದ್ರದ ಅಂಕಿಯನ್ನು ಊಹಿಸಲು ಕಲಿಸುತ್ತೇವೆ. ಮಡಿಕೇರಿಯ ಸ್ಟುವರ್ಟ್ ಹಿಲ್, ಚಿಕ್ಕಮಗಳೂರು, ಮೈಸೂರು, ಮಂಗಳೂರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಗಳಿವೆ.

ಹೆಚ್ಚಿನವರು ಎಲ್ಲ ದಿನಗಳನ್ನೂ ಕಲಸಿ, ಐದರಲ್ಲಿ ಒಂದು ಪಾಲನ್ನು ಪರೀಕ್ಷೆಗೆ ತೆಗೆದಿಡುತ್ತಾರೆ. ಸೋಮವಾರ ಕಲಿಕೆಗೆ, ಮಂಗಳವಾರ ಪರೀಕ್ಷೆಗೆ. ಎರಡು ದಿನದ ಗಾಳಿಯೂ ಹೆಚ್ಚುಕಮ್ಮಿ ಒಂದೇ ಅಲ್ವಾ? ಅಂಕ ಚೆನ್ನಾಗಿಯೇ ಬರುತ್ತದೆ. ಒಂದು ರೆಕ್ಕೆಯ (ಕೊಂಬೆಯ) ಕಾಯಿ ಎಣಿಸಿ ಅದೇ ಕಾಫಿ ಗಿಡದ ಪಕ್ಕದ ರೆಕ್ಕೆಯ ಫಸಲು ಹೇಳಿದ ಹಾಗೆ. ಬೇರೆ ತೋಟದ ಫಸಲು ಹೇಳಲಿ ನೋಡೋಣ.

ಹೀಗೆ ಮಾಡಿ: ಮಡಿಕೇರಿಯ ಒಂದು ಅಂಕಿಯನ್ನೂ ತೋರಿಸದೆ ಉಳಿದ ಊರುಗಳಿಂದ ಕಲಿಸಿ, ಆಮೇಲೆ ಮಡಿಕೇರಿಯನ್ನು ಕೇಳಿ. ಪ್ರತಿ ಊರಿಗೂ ಸರದಿಯಂತೆ ಇದನ್ನೇ ಮಾಡಿ. ಅಂಕ ಧೊಪ್ಪನೆ ಬಿದ್ದರೆ ಹೆದರಬೇಡಿ, ಅದೇ ನಿಜವಾದ ಅಂಕ. ತುಂಬ ದತ್ತಾಂಶ ಬೇಡುವ ನ್ಯೂರಲ್ ನೆಟ್‌ವರ್ಕ್ ಎಂಬ ಕಲಿಕೆಯ ವಿಧಾನ ಸದ್ಯಕ್ಕೆ ಬೇಡ. ಇಷ್ಟು ಕಮ್ಮಿ ಕೇಂದ್ರಗಳಿಗೆ, ಹೌದು-ಅಲ್ಲ ಪ್ರಶ್ನೆಗಳ ಹಲವು 'ಮರ'ಗಳ ಉತ್ತರವನ್ನು ಸರಾಸರಿ ಮಾಡುವ ರಾಂಡಮ್ ಫಾರೆಸ್ಟ್ ಸಾಕು. ಆದರೆ ಅದು ಕಲಿಯುವಾಗ ಕಂಡ ಗರಿಷ್ಠ ಅಂಕಿಗಿಂತ ಮೇಲೆ ಯಾವತ್ತೂ ಹೇಳುವುದಿಲ್ಲ. ಕಾಡಿಗೆ ಬೆಂಕಿ ಬಿದ್ದ ದಿನ ಇದು ನೆನಪಿರಲಿ.

ಉಪಗ್ರಹ ಬೇಡ, ಆನ್‌ಲೈನ್‌ನಲ್ಲಿ ಸಿಗುವ, ಗಾಳಿ ಅಳೆಯುವ ಅಗ್ಗದ ಡಬ್ಬಿ ಸಾಕು ಅನ್ನುವವರಿದ್ದಾರೆ. ಅಂಥವುಗಳಲ್ಲಿ ಹೆಚ್ಚಿನವು ಬೆಳಕು ಚೆಲ್ಲಿ ದೂಳಿನ ಕಣ ಎಣಿಸುತ್ತವೆ, ಈ ಅನಿಲವನ್ನಲ್ಲ. ನಮ್ಮ ಮಂಜಿನ ಹನಿಯನ್ನೂ ದೂಳೆಂದು ಎಣಿಸಿಬಿಡುತ್ತವೆ. ದುಡ್ಡು ದಂಡ.

ನಕ್ಷೆ ಅಚ್ಚು ಹಾಕಿ. ಒಂದಲ್ಲ, ಎರಡು. ಎಡಕ್ಕೆ ಅನಿಲದ ನಕ್ಷೆ. ಬಲಕ್ಕೆ ಅಷ್ಟೇ ದೊಡ್ಡದಾಗಿ, ಯಾವ ಚೌಕಕ್ಕೆ ಎಷ್ಟು ದಿನ ಅಳತೆ ಸಿಕ್ಕಿದೆ ಎಂಬ ನಕ್ಷೆ. ಆ ಹುಡುಗಿಯೂ ಹಾಗೇ ಮಾಡಿದಳು. ಅವಳು ಮತ್ತೆ ಮಾಡಿದ ಜುಲೈ ತಿಂಗಳ ಅನಿಲದ ನಕ್ಷೆಯಲ್ಲಿ ತಲಕಾವೇರಿಯ ಸುತ್ತ ಬಣ್ಣವೇ ಇರಲಿಲ್ಲ.